ವಿವಾಲ್ಡಿ ರೆಕಾರ್ಡಿನ ಎರಡನೆಯ ಬದಿ

ಮುದ್ದೇಬಿಹಾಳ
೬ ಜನೆವರಿ ೧೯೭೫

ಪೂಜ್ಯ ಅಕ್ಕ ಹೊನ್ನವ್ವನವರಿಗೆ ತಮ್ಮ ಶ್ರೀಶೈಲಪ್ಪನ ನಮಸ್ಕಾರಗಳು.

ನಡೆದ ಸಂಗತಿಗಳು ಹೀಗಿವೆ:

೧. ಡಿಸೆಂಬರ್ ೨೯, ರವಿವಾರ ಮಧ್ಯಾಹ್ನ, ಬಸವನ ಬಾಗೇವಾಡಿಯ ಅರಳೆ ವ್ಯಾಪಾರಿ ಗುರಪ್ಪನವರು ಇಬ್ಬರು ಹಿರಿಯರೊಂದಿಗೆ ನನ್ನ ವಸತಿಗೃಹಕ್ಕೆ ಬಂದರು. ಅವರ ಮಗನಿಗೆ ನಮ್ಮ ಮಗಳು ಕಸ್ತೂರಿಯನ್ನು ಕೇಳುವ ಮಾತು ತಮಗೆ ಗೊತ್ತೇ ಇದೆ. ಅವಳನ್ನು ಅವರು ಸಿಂದಗಿಯಲ್ಲಿ, ಅವಳು ಕಲಿಸುವ ಶಾಲೆಯಲ್ಲೇ ನೋಡಿ ಒಪ್ಪಿದ್ದರು. ಇದು ಮನೆ ನೋಡುವ ಭೇಟಿ.

೨. ಅವರನ್ನು ಪಡಸಾಲೆಯಲ್ಲಿ ಕೂಡಿಸಿದೆ. ಚಳಿ, ಅರಳೆಯ ದರ ಹಾಗೂ ನಾನು ಕಟ್ಟಿಸುತ್ತಿರುವ ತಂಗಡಗಿಯ ರಸ್ತೆ, ಈ ಮೂರು ವಿಷಯಗಳ ಬಗ್ಗೆ ಮಾತಾಯಿತು. ಆಮೇಲೆ ನನ್ನಲ್ಲಿ ಬೇರೆ ವಿಷಯವಿರಲಿಲ್ಲ.

೩. ಆದ್ದರಿಂದ ಒಳಕೋಣೆಗೆ ಹೋಗಿ ಗ್ರಾಮೊಫೋನಿನಲ್ಲಿ ವಿವಾಲ್ಡಿಯ ರೆಕಾರ್ಡು ಹಚ್ಚಿ ಬಂದೆ. ಎಲ್ಲರೂ ಮೆಚ್ಚುವ ಮೊದಲನೆಯ ಬದಿಯನ್ನು ಬಿಟ್ಟು ಎರಡನೆಯದನ್ನು ಹಚ್ಚಿದೆ. ಬೀಗರಾಗುವವರ ಮುಂದೆ ಮನೆಯಲ್ಲಿರುವ ಉತ್ತಮವಾದುದನ್ನೇ ಇಡಬೇಕೆಂಬುದು ನನ್ನ ಅಭಿಪ್ರಾಯ.

೪. ಸ್ವಲ್ಪ ಹೊತ್ತಿಗೆ ಗುರಪ್ಪನವರು, "ಒಳಗ ಯಾರ್ರಿ ಅಳಾಕತ್ತಾರ?" ಎಂದು ಕೇಳಿದರು. "ತಾಯಿ ರೀ. ಆಕಿ ಮಗ ಸತ್ತಾನ. ಇನ್ನೊಂದು ಹದಿನೈದು ನಿಮಿಷದಾಗ ಮುಗೀತೈತಿ, ಅಷ್ಟರಾಗ ಚಹಾ ಬರತೈತಿ" ಎಂದು ತಿಳಿಸಿದೆ. ಅದು ಆ ಹಾಡಿನ ಸರಿಯಾದ ಸಾರಾಂಶ.

೫. ಚಹಾ ಬಂತು. ಯಾರೂ ಮುಟ್ಟಲಿಲ್ಲ. ಮೂವರೂ ಎದ್ದು, "ಬರ್ತೀವಿ" ಎಂದು ಕೂಡ ಹೇಳದೆ ಹೊರಟುಹೋದರು.

೬. ಅಂದಿನಿಂದ ಬಾಗೇವಾಡಿಯಿಂದ ಸುದ್ದಿಯಿಲ್ಲ.

ನನ್ನ ಸಂಶಯ ಅಡುಗೆಯ ಯಂಕಪ್ಪನ ಮೇಲಿದೆ. ಅವನು ಚಹಾಕ್ಕೆ ಸಕ್ಕರೆ ಕಡಿಮೆ ಹಾಕುತ್ತಾನೆ. ಆದರೆ ಕುಡಿಯದೆಯೇ ಅದು ಅವರಿಗೆ ಹೇಗೆ ತಿಳಿಯಿತು ಎಂಬುದು ಬಗೆಹರಿದಿಲ್ಲ.

ಕಸ್ತೂರಿಗೆ ಹುಡುಗ ಒಪ್ಪಿಗೆಯಾಗಿದ್ದಾನೆ. ಬಾಯಿಬಿಟ್ಟು ಹೇಳಿಲ್ಲ, ಆದರೆ ಸಿಂದಗಿಯಿಂದ ಅವಳು ಬರೆಯುವ ಪತ್ರಗಳಲ್ಲಿ ಈಚೆಗೆ ಬಾಗೇವಾಡಿಯ ಹವಾಮಾನ ಬರುತ್ತಿದೆ. ಈ ಸಂಬಂಧ ತಪ್ಪಬಾರದು. ತಾವು ವಿಚಾರಿಸಿ ತಿಳಿಸಬೇಕು.

ಇಂತಿ,
ಶ್ರೀಶೈಲಪ್ಪ


ಇಂಡಿ
೧೪ ಜನೆವರಿ ೧೯೭೫, ಸಂಕ್ರಮಣ

ತಮ್ಮ ಶ್ರೀಶೈಲಗ ಹೊನ್ನಕ್ಕನ ಆಶೀರ್ವಾದ.

ಈ ಕಾಗದ ನಮ್ಮ ಓಣಿ ಬಸಂತರಾಯ ಮಾಸ್ತರ ಬರ್ಯಾಕತ್ತಾರ. ನಾ ಅಂದಂಗ ಬರೀರಿ, ಪುಸ್ತಕದ ಮಾತು ತುರಕಬ್ಯಾಡ್ರಿ ಅಂತ ಹೇಳೇನಿ. ಬರದ ಮ್ಯಾಲ ಓದಿಸಿ ಕೇಳತೇನಿ.

(ಬರೆದವನ ಮಾತು: ಶಾಲೆಯಲ್ಲಿ ಜೀವಮಾನವೆಲ್ಲ ಶುದ್ಧ ಕನ್ನಡ ಕಲಿಸಿದವನು ನಾನು. ಈ ಪತ್ರದ ಭಾಷೆಗೆ ನಾನು ಹೊಣೆಯಲ್ಲ. ಬಸಂತರಾಯ, ನಿವೃತ್ತ ಮುಖ್ಯಾಧ್ಯಾಪಕ.)

ಸಕ್ಕರಿ ಮಾತು ಬಿಡು. ಯಂಕಪ್ಪಗ ಬೈಬ್ಯಾಡ. ಈ ಸಂಬಂಧ ತಂದ ಸಿಂದಗಿ ಧೂಳಪ್ಪ ನಿನ್ನೆ ಬಂದಿದ್ದ. ಗುರಪ್ಪ ಏನಂದಾನ ಅನ್ನೂದು ಹೇಳಿದ. ಅದನ್ನ ಕಾಗದದಾಗ ಬರಸೂ ಹಂಗಿಲ್ಲ, ಮಾಸ್ತರ ಮುಂದ ನನಗ ನಾಚಿಕಿ ಬರತೈತಿ. ಒಂದ ಮಾತು ಕೇಳತೇನಿ, ಇದ್ದದ್ದು ಇದ್ದಂಗ ಹೇಳು. ನಿನ್ನ ಮನ್ಯಾಗ ಯಾರ ಅದಾರ?

ಕಸ್ತೂರಿ ಅವ್ವ ಇಂದ್ರಾಬಾಯಿ ಹೋಗಿ ಮೂರು ವರ್ಷ ಆತು. ಅವತ್ತು ಊರೆಲ್ಲಾ ಅತ್ತರೂ ನಿನ್ನ ಕಣ್ಣಾಗ ಹನಿ ಬರಲಿಲ್ಲ. ಮಣ್ಣು ಕೊಟ್ಟು ಬಂದು ಎರಡು ದಿನಕ್ಕ ಟೇಪು ಹಿಡದು ರೋಡ ಅಳ್ಯಾಕ ಹೋದಿ. ಇಂವಾ ಕಲ್ಲು ಅದಾನ ಅಂತ ನಾ ಬೈದಿದ್ದೆ. ಈಗ ತಿಳೀತೈತಿ, ಕಲ್ಲಿಗೂ ಒಬ್ಬರು ಬೇಕಾಗತಾರ. ನಾ ಸಿಟ್ಟಾಗೂದಿಲ್ಲ. ಹೇಳು.

ಎಳ್ಳು ಬೆಲ್ಲ ಕಳಸೇನಿ. ತಿನ್ನು, ಒಳ್ಳೆ ಮಾತಾಡು. ಮಾತಂತೂ ಆಡು.

ಹೊನ್ನವ್ವ


ಮುದ್ದೇಬಿಹಾಳ
೨೦ ಜನೆವರಿ ೧೯೭೫

ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು. ಎಳ್ಳು ಬೆಲ್ಲ ತಲುಪಿತು.

ಮನೆಯಲ್ಲಿ ಯಾರಿದ್ದಾರೆಂದು ಕೇಳಿದ್ದೀರಿ. ನಾಲತವಾಡದ ಯಂಕಪ್ಪ ಅಡುಗೆ ಮಾಡಿಟ್ಟು ಸಂಜೆ ತನ್ನ ಮನೆಗೆ ಹೋಗುತ್ತಾನೆ. ಪಕ್ಕದ ಮನೆಯ ಖಾತುನಬಿಯವರು ಕರಿಬೇವು ಹರಿಯಲು ಹಿತ್ತಲಿಗೆ ಬರುತ್ತಾರೆ. ಒಂದು ಬೆಕ್ಕು ಇದೆ. ಅದನ್ನು ನಾನು ಸಾಕಿಲ್ಲ, ಅದೇ ಇದೆ.

ಗುರಪ್ಪನವರ ಆಕ್ಷೇಪ ವಿವಾಲ್ಡಿಯ ಬಗ್ಗೆ ಇರಬಹುದೆಂದು ಈಗ ತೋರುತ್ತಿದೆ. ಇದರಲ್ಲಿ ಮುಚ್ಚಿಡುವಂಥದು ಏನೂ ಇಲ್ಲ. ಹನ್ನೆರಡು ವರ್ಷಗಳ ಹಿಂದೆ ಪುಣೆಯಿಂದ ನಾನೂ ಇಂದ್ರಾಳೂ ಕೂಡಿಯೇ ತಂದದ್ದು. ಆಕೆ ಎಂದೂ ಬೇಸರಪಟ್ಟಿರಲಿಲ್ಲ. ಲೋಕಕ್ಕೆ ವಿವಾಲ್ಡಿಯ ನಗುವ ಮುಖವಷ್ಟೇ ಗೊತ್ತು. ಯಂಕಪ್ಪ ಹೋದ ಮೇಲೆ, ಸಂಜೆ ನಾನೊಬ್ಬನೇ ಇರುವಾಗ, ಅಳುವ ಮುಖ ಬೇರೆ ಇದೆಯೆಂಬುದು ನನಗೆ ತಿಳಿಯುತ್ತದೆ. ಇದನ್ನು ಯಾರಿಗಾದರೂ ಹೇಳಬೇಕೆಂದು ನನಗೆ ಅನ್ನಿಸಿರಲಿಲ್ಲ.

ಕಸ್ತೂರಿಗಾಗಿ ನಾನು ಬಹಳಷ್ಟನ್ನು ಬಿಡಬಲ್ಲೆ. ಇದನ್ನು ಬಿಡುವುದು ಕಷ್ಟ.

ಇಂತಿ,
ಶ್ರೀಶೈಲಪ್ಪ


ಇಂಡಿ
೩೦ ಜನೆವರಿ ೧೯೭೫

ಶ್ರೀಶೈಲ,

ನಿನ್ನ ಕಾಗದ ಮಾಸ್ತರ ಓದಿದ್ರು. ಎರಡನೇ ಸರ್ತಿ ಓದ್ರಿ ಅಂದೆ. ಆಮ್ಯಾಲ ನೀರು ಕುಡದೆ.

ಪುಣೇದಿಂದ ತಂದೀರಿ. ಇಬ್ಬರೂ ಕೂಡಿ ತಂದೀರಿ. ಒಂಬತ್ತು ವರ್ಷ ಇಂದ್ರಾಬಾಯಿ ನನ್ನ ಮುಂದ ಉಸಿರು ಬಿಡಲಿಲ್ಲ. ಎಂಥಾ ದೊಡ್ಡ ಮನಸಿನಾಕಿ ಇರಬೇಕು. ನಾ ಆಗಿದ್ರ ಕಸಬರಗಿ ತಗೋತಿದ್ದೆ. ಹೆಸರು ಸುದ್ದಾ ನಮ್ಮ ಕಡೀದಲ್ಲ, ವಿವಾಲ್ಡಿ ಅಂತ.

ಇನ್ನ ನಾಚಿಕಿ ಬಿಟ್ಟು ಬರಸ್ತೇನಿ. ನಿನ್ನ ಮನ್ಯಾಗ ಹೆಣ ಐತಿ ಅಂತ ಗುರಪ್ಪಗ ನೀನ ಹೇಳೀದಿ. ಒಳಗ ತಾಯಿ ಬೋರ್ಯಾಡಿ ಅಳಾಕತ್ತಾಳ, ನೀ ಹೊರಗ ಕುಂತು ಚಹಾ ತಗೋರಿ ಅಂದೀದಿ. ಮೂರೂ ಮಂದಿ ದಾರ್ಯಾಗ ಯಾರದೋ ಹೊಲದ ಬಾವಿಗೆ ಹೋಗಿ, ಉಟ್ಟ ಅರಿವಿ ಮ್ಯಾಲ ನೀರು ಸುರಕೊಂಡು ಊರು ಮುಟ್ಟ್ಯಾರ. ಆ ಥಂಡ್ಯಾಗ. ಗುರಪ್ಪಗ ಇನ್ನೂ ನೆಗಡಿ ಹೋಗಿಲ್ಲಂತ. ನಮ್ಮ ಮಂದಿಗೆ ಸೂತಕ ಇಲ್ಲ, ಖರೇ. ಆದ್ರ ಹೆಣದ ಮನ್ಯಾಗ ಕುಂತು ಚಹಾ ಕುಡೀರಿ ಅಂತ ಯಾವ ಶರಣರೂ ಹೇಳಿಲ್ಲ.

ಬಾಗೇವಾಡ್ಯಾಗ ಈಗ ಮಾತು ಏನೈತಿ ಕೇಳು. ಇಂಜಿನಿಯರ ಒಬ್ಬಾಕಿನ್ನ ಇಟ್ಟಾನ, ಆಕಿ ಮಗ ಸತ್ತ, ಅವತ್ತೂ ಇಂವಾ ರೋಡಿನ ಸುದ್ದಿ ಹೇಳಕೋತ ಕುಂತಿದ್ದ, ಅಂತ.

(ಬರೆದವನ ಮಾತು: ಇದು ಗ್ರಾಮೊಫೋನಿನ ಹಾಡೇ ಇರಬೇಕು, ಮೊದಲ ಪತ್ರದಲ್ಲಿ ಹಾಗೆಂದೇ ಇತ್ತು ಎಂದು ನಾನು ಹೇಳಿದೆ. ಹೊನ್ನವ್ವನವರು, "ಹಾಡಿನ ಪ್ಲೇಟಿಗೆ ಮಗ ಹುಟ್ಟತಾನೇನ್ರಿ, ಮಾಸ್ತರ? ಹುಟ್ಟಿ ಸಾಯತಾನೇನು?" ಎಂದು ಕೇಳಿದರು. ನಾನು ಲೇಖನಿ ಅದ್ದಿಕೊಂಡೆ.)

ಶಿವರಾತ್ರಿ ಒಳಗ ಮನಿ ಸ್ವಚ್ಛ ಆಗಲಿಲ್ಲಂದ್ರ ಬ್ಯಾರೆ ಕಡೆ ಹೆಣ್ಣು ನೋಡತೇವಿ ಅಂತ ಗುರಪ್ಪ ಹೇಳಿ ಕಳಸ್ಯಾನ. ಕಸ್ತೂರಿಗೆ ಸುದ್ದಿ ಮುಟ್ಟೇತಿ. ಆಕಿ ಉಣವಲ್ಲಳು ಅಂತ ಧೂಳಪ್ಪ ಅಂದ.

ನಾ ವಿಚಾರ ಮಾಡೇನಿ. ಮಗನ್ನ ಕಳಕೊಂಡಾಕಿನ್ನ ಹೊರಗ ಹಾಕೂದು ನಮ್ಮ ಮನೆತನಕ್ಕ ಒಪ್ಪೂದಿಲ್ಲ. ಉಡಿಕಿ ಮಾಡಿ ಆಕಿನ್ನ ನಿನಗ ಕಟ್ಟಿಬಿಡೂಣು. ನಾಕ ಮಂದಿ ಹಿರ್ಯಾರು, ಒಂದು ಸೀರಿ, ತಾಳಿ. ಮಾಡಿಕೊಂಡ ಹೆಂಡ್ತಿ ಅಂದಮ್ಯಾಲ ಗುರಪ್ಪ ಏನಂತಾನ? ಇಲಕಲ್ಲ ಸೀರಿ ತಗೊಂಡು ನಾನ ಬರಾಕತ್ತೇನಿ. ಆಕಿಗೆ ಹೆದರಬ್ಯಾಡ ಅಂತ ಹೇಳು. ಕನ್ನಡ ಬರತೈತೋ ಇಲ್ಲೋ.

ಹೊನ್ನವ್ವ


ಮುದ್ದೇಬಿಹಾಳ
೩ ಫೆಬ್ರುವರಿ ೧೯೭೫

ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು.

ತಾವು ಶನಿವಾರ ಬಂದು ನಿನ್ನೆ ಮುಂಜಾನೆ ಹೊರಟಿರಿ. ತಾವು ಬರುವ ವಿಷಯ ತಿಳಿಸಿದ ಪತ್ರ ಇಂದು ಬಂತು. ಓದಿದೆ. ತಾವು ಸೀರೆ ಹಿಡಿದುಕೊಂಡು ಅಡುಗೆಮನೆ, ಬಚ್ಚಲು ಮತ್ತು ಕಟ್ಟಿಗೆಯ ಕೋಣೆಯನ್ನು ಏಕೆ ನೋಡಿದಿರಿ ಎಂಬುದು ಈಗ ಸ್ಪಷ್ಟವಾಯಿತು. ಆಗ ನಾನು ಕೇಳಲಿಲ್ಲ, ಕೇಳಬೇಕಿತ್ತು.

ಎದುರಿಗೆ ತಾವು ಕೇಳಿದ ಪ್ರಶ್ನೆಗೆ ನನ್ನಿಂದ ಉತ್ತರ ಹೊರಡಲಿಲ್ಲ. ಇಷ್ಟು ಛಲೋ ಕುಣಿತದ ಹಾಡು ಒಂದು ಕಡೆ ಇರುವಾಗ ದಿನವೂ ಅಳುವುದನ್ನೇ ಏಕೆ ಹಚ್ಚುತ್ತೀ ಎಂದು ಕೇಳಿದಿರಿ. ಬರೆದು ತಿಳಿಸುತ್ತೇನೆ.

ವಿವಾಲ್ಡಿ ಎಂಬವನು ನೀರಿನ ಮೇಲೆ ಕಟ್ಟಿದ ಒಂದು ಊರಿನವನು. ಕೆಂಪು ಕೂದಲಿನ ಪಾದ್ರಿ. ತೀರಿಕೊಂಡು ಇನ್ನೂರು ವರ್ಷಗಳ ಮೇಲಾಯಿತು. ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಸಾಕುವ ಮನೆಯೊಂದರಲ್ಲಿ ಅವರಿಗೆ ಪಿಟೀಲು ಕಲಿಸುತ್ತಿದ್ದ. ಅವನ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಹಕ್ಕಿ, ಚಿಗುರು, ಸುಗ್ಗಿ. ಕೇಳುವವರ ಕಾಲು ತಾನಾಗಿ ಕುಣಿಯುತ್ತದೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಮದುವೆಯ ಚಪ್ಪರ ಅದು; ಕಣ್ಣಿಗೆ ತುಂಬುತ್ತದೆ. ಆದರೆ ಎರಡನೆಯ ಬದಿಯಲ್ಲಿ ಅವನು ಚಪ್ಪರ ಹಾಕಿಲ್ಲ. ಶಿಲುಬೆಗೇರಿದ ಮಗನ ಕಾಲಬಳಿ ತಾಯಿಯೊಬ್ಬಳು ನಿಂತಿದ್ದಾಳೆ. ಒಂದೇ ಧ್ವನಿ, ಅದೂ ಕೆಳಗಿನ ಸ್ಥಾಯಿಯಲ್ಲಿ. ಜೊತೆಗೆ ಕೆಲವೇ ತಂತಿವಾದ್ಯಗಳು. ಸೇತುವೆಯೊಂದರಿಂದ ಶೋಭೆಯ ಕಲ್ಲುಗಳನ್ನೆಲ್ಲ ಇಳಿಸಿ, ಭಾರ ಹೊರುವ ಕಲ್ಲನ್ನಷ್ಟೇ ಉಳಿಸಿದರೆ ಹೇಗಿರುತ್ತದೋ ಹಾಗಿದೆ. ಒಂದು ಕಲ್ಲು ತೆಗೆದರೂ ಬೀಳುತ್ತದೆ. ಅವನು ತೆಗೆದಿಲ್ಲ, ಸೇರಿಸಿಯೂ ಇಲ್ಲ.

ಕೊನೆಗೆ ಅವನು ಪರವೂರಿನಲ್ಲಿ ಬಡತನದಲ್ಲಿ ಸತ್ತ. ಜನ ಬಹುಕಾಲ ಮರೆತರು. ಮತ್ತೆ ನೆನೆದಾಗ ನಗುವನ್ನೇ ಹೆಚ್ಚು ನೆನೆದರು.

ಇದನ್ನು ಮೊದಲು ಕಂಡವನು ನಾನಲ್ಲ. ಪುಣೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಮೊದಲನೆಯ ಬದಿಯನ್ನು ಹಚ್ಚಿ ತೋರಿಸಿದಾಗ ಇಂದ್ರಾ ನನ್ನ ಕಿವಿಯಲ್ಲಿ, "ಇಷ್ಟು ನಗಸಾಂವ ಹಿತ್ತಲದಾಗ ನಿಂತು ಅತ್ತಿರಬೇಕ್ರಿ, ತಿರುವಿ ಹಚ್ಚಾಕ ಹೇಳ್ರಿ" ಎಂದಳು. ಅಂಗಡಿಯವನು ತಿರುವಿ ಹಚ್ಚಿದ. ಆಕೆ ಹೇಳಿದ್ದು ಸರಿಯಾಗಿತ್ತು.

ಇನ್ನು ಗುರಪ್ಪನವರ ವಿಷಯ. ಶುಭಕಾರ್ಯಕ್ಕೆ ಬಂದವರ ಮುಂದೆ ಬೇಕೆಂದೇ ಸಾವಿನ ಹಾಡು ಹಚ್ಚಿದೆನೆಂದು ತಿಳಿದರೆ ಇನ್ನೂ ಕೆಡುತ್ತದೆ, ಆದ್ದರಿಂದ ಅದು ರೇಡಿಯೊ ನಾಟಕವೆಂದು ಹೇಳಿಬಿಡು, ರೆಕಾರ್ಡನ್ನು ಮದುವೆಯವರೆಗೆ ಖಾತುನಬಿಯವರ ಮನೆಯಲ್ಲಿ ಇಡು ಎಂದು ಹೇಳಿ ಹೋಗಿದ್ದೀರಿ. ಆಲೋಚಿಸುತ್ತಿದ್ದೇನೆ.

ಇಂತಿ,
ಶ್ರೀಶೈಲಪ್ಪ


ಇಂಡಿ
೧೦ ಫೆಬ್ರುವರಿ ೧೯೭೫

ತಮ್ಮಾ,

ಆಲೋಚನಿ ಸಾಕು. ನಾ ಬಾಗೇವಾಡಿಗೆ ಹೋಗಿ ಗುರಪ್ಪನ ಮುಂದ ಕುಂತೆ. ಮನ್ಯಾಗ ಯಾರೂ ಇಲ್ಲ, ಕಟಿಗಿ ಕ್ವಾಣಿ ಸುದ್ದಾ ನೋಡಿ ಬಂದೇನಿ, ಅದು ರೇಡಿಯೋದಾಗ ಬಂದ ನಾಟಕ ಅಂತ ಆಣಿ ಮಾಡಿದೆ. ಅರ್ಧಾ ನಂಬ್ಯಾನ. ಉಳದ ಅರ್ಧಾ ನಿನ್ನ ಬಾಯಿಂದ ಕೇಳಬೇಕಂತ. ೧೬ನೇ ತಾರೀಖು ರವಿವಾರ ಬರತಾನ. ನೀ ಹೇಳೂದು ಇಷ್ಟ: "ರೇಡಿಯೋ ನಾಟಕರಿ, ತಪ್ಪಾತು." ಇದರ ಮ್ಯಾಲ ಒಂದು ಶಬ್ದ ಆಡಬ್ಯಾಡ. ಎಂದೂ ಆಡದಾಂವ ಅವತ್ತೊಂದು ದಿನ ಆಡಬ್ಯಾಡ. ಕಸ್ತೂರಿ ಬಾಳೇವು ಆ ಒಂದು ಮಾತಿನ ಮ್ಯಾಲ ನಿಂತೈತಿ.

ನೀ ಬರದ ಪಾದ್ರಿ ಸುದ್ದಿ ಮಾಸ್ತರ ಓದಿ ಹೇಳಿದ್ರು. ಕುಣಿತದ ಬದಿ ನನಗ ಆಗಲೂ ಸೇರಲಿಲ್ಲ. ನಿನಗ ಬ್ಯಾಸರ ಆಗಬಾರದು ಅಂತ ಛಲೋ ಐತಿ ಅಂದಿದ್ದೆ. ಮದಿವಿ ಬ್ಯಾಂಡಿನವರು ಉಣ್ಣಾಕ ಗಡಿಬಿಡಿ ಮಾಡಿದಂಗ ಕೇಳತೈತಿ. ಅಳೂ ಬದಿ ಹಂಗಲ್ಲ. ನಮ್ಮ ಹೆಣ್ಮಕ್ಕಳು ಸತ್ತಾಂವನ ಗುಣಾ ಹೇಳಿ ಅಳತಾರ, ನಡುವ ಆಸ್ತಿ ಕೇಳೂ ಭಾಗಾದಿಗೋಳ ಹೆಸರೂ ಎತ್ತತಾರ. ಈಕಿ ಯಾರ ಹೆಸರೂ ಎತ್ತಲಿಲ್ಲ. ಬರೇ ಅತ್ತಳು. ಮಾತು ತಿಳೀಲಿಲ್ಲ, ಆದ್ರ ಯಾರು ಸತ್ತಾರ ಅನ್ನೂದು ತಿಳೀತು.

ನಾ ಬಂದಾಗ ಹಾಡು ಮುಗದಿತ್ತು, ನೀ ಸುಮ್ಮನ ಕುಂತಿದ್ದಿ. ಆಮ್ಯಾಲ ನಾ ಕೇಳಿದ್ದಕ್ಕ ಇನ್ನೊಮ್ಮೆ ಹಚ್ಚಿದಿ. ಅಷ್ಟ.

ಹೊನ್ನವ್ವ

(ಬರೆದವನ ಮಾತು: ಮೇಲಿನ ಸಾಲುಗಳು ಪೂರ್ತಿ ನಿಜವಲ್ಲ. ಬರೆಯಬೇಡಿ ಎಂದು ಹೇಳಿ ಅವರು ನನ್ನೆದುರು ಆಡಿದ ಮಾತನ್ನು ಅವರಿಗೆ ಓದಿ ತೋರಿಸದೆ ಬರೆಯುತ್ತಿದ್ದೇನೆ. ಅವರು ಬಂದಾಗ ಹಾಡು ನಡೆದಿತ್ತು. ಒಳಕೋಣೆಯ ಬಾಗಿಲಿನಿಂದ ಅವರು ತಮ್ಮನ್ನು ನೋಡಿದರು. ತಾವು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕಣ್ಣು ಮುಚ್ಚಿ, ಮುಖವೆಲ್ಲ ತೊಯ್ದು ಅಳುತ್ತಿದ್ದಿರಂತೆ. ಅವರು ಹಿಂದಕ್ಕೆ ಸರಿದು, ಹೊರಗಿನ ಕಟ್ಟೆಯ ಮೇಲೆ ಹಾಡು ಮುಗಿಯುವ ತನಕ ಕುಳಿತು, ಆಮೇಲೆ ಈಗ ಬಂದವರಂತೆ ಜೋರಾಗಿ ಕೆಮ್ಮುತ್ತ ಬಂದರು. "ಕಲ್ಲು ಅಂತ ಬೈದಿದ್ದೆ, ಮಾಸ್ತರ" ಎಂದು ಹೇಳಿ ಸೆರಗಿನಿಂದ ಕಣ್ಣೊರಸಿಕೊಂಡರು. ಕ್ಷಮೆಯಿರಲಿ.)


ಮುದ್ದೇಬಿಹಾಳ
೧೮ ಫೆಬ್ರುವರಿ ೧೯೭೫

ಪೂಜ್ಯ ಅಕ್ಕನವರಿಗೆ ನಮಸ್ಕಾರಗಳು.

(ಬಸಂತರಾಯ ಮಾಸ್ತರರಿಗೆ: ಈ ಸಾಲನ್ನು ಅವರಿಗೆ ಓದದೆ ಬಿಡಬಹುದು. ತಮ್ಮ ಟಿಪ್ಪಣಿ ತಲುಪಿತು. ಉಪಕಾರವಾಯಿತು.)

ಗುರಪ್ಪನವರು ಹೇಳಿದಂತೆ ರವಿವಾರ ಬಂದರು. ಅವರೊಂದಿಗೆ ಅದೇ ಇಬ್ಬರು ಹಿರಿಯರಿದ್ದರು. ಮೂವರೂ ಕುರ್ಚಿಯ ತುದಿಯಲ್ಲಿ ಕುಳಿತರು. ಒಬ್ಬ ಹಿರಿಯರು ಟವೆಲ್ಲು ತಂದಿದ್ದನ್ನು ಗಮನಿಸಿದೆ.

ತಾವು ಕಲಿಸಿದ ಮಾತನ್ನು ನಾನು ಮುಂಜಾನೆಯಿಂದ ಅಭ್ಯಾಸ ಮಾಡಿದ್ದೆ. ರೆಕಾರ್ಡು ಖಾತುನಬಿಯವರ ಮನೆಯಲ್ಲಿತ್ತು. ಗುರಪ್ಪನವರು ಗಂಟಲು ಸರಿಮಾಡಿಕೊಂಡು, "ಅವತ್ತು ಒಳಗ ಅಳಾಕತ್ತಾಕಿ ಯಾರ್ರಿ, ಸಾಹೇಬ್ರ? ಇದ್ದದ್ದು ಹೇಳಿಬಿಡ್ರಿ" ಎಂದರು. "ರೇಡಿಯೋ" ಎಂದು ಹೇಳಲು ನಾನು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. ಆಡಿದ್ದನ್ನು ಆಡಿದಂತೆಯೇ ತಮಗೆ ತಿಳಿಸುತ್ತೇನೆ:

"ರೇಡಿಯೋ ಅಲ್ರಿ. ಪ್ಲೇಟು, ನಾನ ಹಚ್ಚಿದ್ದೆ. ನನ್ನ ಹೆಂಡ್ತಿ ಸತ್ತಾಗ ನನಗ ಅಳಾಕ ಬರಲಿಲ್ರಿ. ಮಂದಿ ಮುಂದ ನನಗ ಬರೂದಿಲ್ಲ. ದಿನಾ ಸಂಜೀಕೆ ಅದನ್ನ ಹಚ್ಚತೇನಿ, ಆಕಿ ಸುರು ಮಾಡತಾಳ, ನಾ ಕೂಡಕೋತೇನಿ. ನಿಮ್ಮ ಮುಂದ ಹಚ್ಚಿದ್ದು ತಪ್ಪಾತು. ನನ್ನ ಮನ್ಯಾಗ ಅದಕಿಂತ ಛಲೋ ಒಡವಿ ಇಲ್ರಿ."

ಸಂಬಂಧ ಮುರಿಯಿತೆಂದೇ ತಿಳಿದೆ. ಗುರಪ್ಪನವರು ಹೆಗಲ ಮೇಲಿನ ವಸ್ತ್ರದಿಂದ ಮೂಗು ಒರಸಿಕೊಂಡರು. ಆಮೇಲೆ, "ತರಸ್ರಿ ಅದನ್ನ" ಎಂದರು.

ಯಂಕಪ್ಪ ಓಡಿ ಹೋಗಿ ತಂದ. ಈ ಸಲ ಯಂತ್ರವನ್ನು ಅವರ ಎದುರಿಗೇ ಇಟ್ಟು ಹಚ್ಚಿದೆ. ಧ್ವನಿ ಹೊರಟಾಗ ಟವೆಲ್ಲಿನ ಹಿರಿಯರು ಎದ್ದು ಯಂತ್ರದ ಹಿಂದೆ ಬಗ್ಗಿ ನೋಡಿ, ಯಾರೂ ಇಲ್ಲವೆಂದು ಸನ್ನೆ ಮಾಡಿ ಕುಳಿತರು. ಮೂವರೂ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ನಡೆದ ಸಂಭಾಷಣೆ ಇಷ್ಟು:

"ಆ ಹುಡುಗ ಸತ್ತು ಎಷ್ಟು ದಿನ ಆತ್ರಿ?" ಎಂದು ಗುರಪ್ಪನವರು ಕೇಳಿದರು.

"ಎರಡು ಸಾವಿರ ವರ್ಷಕ್ಕ ಬಂತ್ರಿ."

ಅವರು ಹಿರಿಯರ ಕಡೆ ತಿರುಗಿ, "ಎರಡು ಸಾವಿರ ವರ್ಷ ಅಂದ್ರ ಚಹಾ ಕುಡೀಬಹುದಲ್ಲ?" ಎಂದರು. ಹಿರಿಯರು ತಮ್ಮತಮ್ಮಲ್ಲಿ ವಿಚಾರ ಮಾಡಿ, ಕುಡಿಯಬಹುದೆಂದು ತೀರ್ಮಾನಿಸಿದರು.

ಚಹಾ ಕುಡಿದರು. ಊಟವನ್ನೂ ಮಾಡಿದರು. ಇಷ್ಟು ಅಳುವ ಮಾವನಿದ್ದರೆ ಮಗನ ಮನೆಗೆ ದೃಷ್ಟಿ ತಾಗುವುದಿಲ್ಲ ಎಂದು ಗುರಪ್ಪನವರು ಕೈ ತೊಳೆಯುವಾಗ ಹೇಳಿದರು. ಅದು ಹಾಸ್ಯವೆಂದು ನನಗೆ ಆಮೇಲೆ ತಿಳಿಯಿತು. ತಮ್ಮ ತಾಯಿ ತೀರಿಕೊಂಡ ಸಂಗತಿಯನ್ನೂ ಸ್ವಲ್ಪ ಹೇಳಿದರು. ಮದುವೆ ಬೇಸಿಗೆಯಲ್ಲಿ, ಕಸ್ತೂರಿಯ ಶಾಲೆಗೆ ರಜೆ ಬಿದ್ದ ಮೇಲೆ, ಬಾಗೇವಾಡಿಯಲ್ಲಿ. ಚಪ್ಪರದಲ್ಲಿ ಮೊದಲನೆಯ ಬದಿಯನ್ನಷ್ಟೇ ಹಚ್ಚಬೇಕೆಂಬುದು ಅವರ ಒಂದೇ ಷರತ್ತು. ನಾನು ಒಪ್ಪಿದ್ದೇನೆ. ಸಿಂದಗಿಗೆ ತಂತಿ ಕಳಿಸಿದ್ದೇನೆ. ಅವಳು ಊಟ ಮಾಡುತ್ತಿದ್ದಾಳೆಂದು ಧೂಳಪ್ಪ ತಿಳಿಸಿದ್ದಾನೆ.

ತಾವು ಬಾಗೇವಾಡಿಯಲ್ಲಿ ಮಾಡಿದ ಆಣೆ ನನ್ನಿಂದ ಸುಳ್ಳಾಯಿತು. ಗುರಪ್ಪನವರು, "ಅಕ್ಕ ಅಂದ್ರ ಹಂಗ ಇರಬೇಕು" ಎಂದಷ್ಟೇ ಅಂದರು.

ಇನ್ನೊಂದು ವಿಷಯ. ಮದುವೆ ಮುಗಿಸಿ ಕಸ್ತೂರಿಯನ್ನು ಅವರ ಮನೆಗೆ ಒಪ್ಪಿಸಿಕೊಡುವ ಹೊತ್ತಿಗೆ ನಾನು ಯಾವ ರೆಕಾರ್ಡನ್ನೂ ಹಚ್ಚುವುದಿಲ್ಲ. ಅಂದು ಎಲ್ಲರ ಮುಂದೆ ನಾನೇ ಅಳಲು ನಿರ್ಧರಿಸಿದ್ದೇನೆ.

ಇಂತಿ,
ಶ್ರೀಶೈಲಪ್ಪ